ಎಡಗಡೆ ಮೂರನೆಯದು

“ಐದೇ ನಿಮಿಷ ಕೊಡು. ಆರನೇ ನಿಮಿಷಕ್ಕೆ ಡಾಗ್ನಿ ಚಿಕ್ಕಮ್ಮನ ಹಾಡು ನಿನ್ನ ಕೈಯಲ್ಲಿ ಇರ್ಲಿಲ್ಲ ಅಂದ್ರೆ ನನ್ನ ಹೆಸರು ಎಸ್ಕಿಲ್ಡ್ ಅಲ್ಲ!”

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಹೆಂಡತಿ ವಿಬೆಕೆಯ ಮುಂದೆ ಮಾಡಿದ ಘೋಷಣೆ ಇದು. ರಸಾಯನಶಾಸ್ತ್ರ ಓದಿದವನು ನಾನು, ಸಮಯವನ್ನು ಅಂದಾಜಿನಲ್ಲಿ ಹೇಳುವುದಿಲ್ಲ.

ಮರುದಿನ ಅತ್ತೆ–ಮಾವನ ಮದುವೆಗೆ ಐವತ್ತು ವರ್ಷ. ನಮ್ಮ ಕಡೆಯ ರೂಢಿಯಂತೆ ಬೆಳಿಗ್ಗೆ ಆರೂವರೆಗೆ ಅವರ ಬೀದಿಯ ಜನರೆಲ್ಲ ಬಾಗಿಲಿಗೆ ಸ್ಪ್ರೂಸ್ ಮರದ ಕೊಂಬೆಗಳ ಕಮಾನು ಕಟ್ಟಿ, ಕಿಟಕಿಯ ಕೆಳಗೆ ನಿಂತು ಹಾಡಿ ದಂಪತಿಯನ್ನು ಎಬ್ಬಿಸಬೇಕು. ಇಪ್ಪತ್ತೈದನೆಯ ವರ್ಷದಲ್ಲಿ ಹಾಡಿದ್ದು ಅತ್ತೆಯ ತಂಗಿ ಡಾಗ್ನಿ ಬರೆದ ಹಾಡು. ಡಾಗ್ನಿ ತೀರಿಕೊಂಡು ಆರು ವರ್ಷವಾಯಿತು. ಹೋದ ವಾರ ಅತ್ತೆ ಫೋನಿನಲ್ಲಿ, “ಈ ಸಲ ಡಾಗ್ನಿ ಹಾಡು ಇರಲ್ಲ, ಅಲ್ವೇನೇ?” ಎಂದು ಫೋನ್ ಇಟ್ಟುಬಿಟ್ಟಿದ್ದರು. ಅಂದೇ ವಿಬೆಕೆ ನಿಶ್ಚಯಿಸಿದಳು: ಅದೇ ಹಾಡೇ ಆಗಬೇಕು!

ಅಚ್ಚಾದ ಪ್ರತಿಗಳೆಲ್ಲ ಮಾವ ಹೊಲ್ಗರ್ ಅವರ ನೆಲಮಾಳಿಗೆಗೆ ನೀರು ನುಗ್ಗಿದಾಗಲೇ ಹೋಗಿದ್ದವು. ಉಳಿದಿದ್ದು ಡಾಗ್ನಿಯ ಕಂಪ್ಯೂಟರಿನಿಂದ ಬಂದ ಒಂದು ಫೈಲು. ಅದನ್ನು ಬರೆದದ್ದು ಲಿಂಡೋರ್ಮ್ ಎಂಬ, ಈಗ ಯಾರೂ ಬಳಸದ ಬರವಣಿಗೆಯ ಸಾಫ್ಟ್‌ವೇರಿನಲ್ಲಿ. ಆ ಲಿಂಡೋರ್ಮ್ ಸಿಗುವುದು ಹಳೆಯ ಸಾಫ್ಟ್‌ವೇರ್‌ಗಳ ಒಂದು ಆನ್‌ಲೈನ್ ಭಂಡಾರದಲ್ಲಿ ಮಾತ್ರ. ಅಲ್ಲಿ ನಾನು ಹನ್ನೊಂದು ವರ್ಷದ ಖಾಯಂ ಗಿರಾಕಿ; ಈಚಿನ ಒಂದು ತಿಂಗಳು ಮಾತ್ರ ಅತ್ತ ಹೋಗಿರಲಿಲ್ಲ. ಎಡಗಡೆ ಮೂರನೆಯದು, ಅದರೊಳಗೆ ಎರಡನೆಯದು, ಅದರ ಕೊನೆಯದು. ಹೆಸರು ಓದುವ ಅಗತ್ಯವೇ ಇಲ್ಲ, ಬೆರಳಿಗೆ ದಾರಿ ಗೊತ್ತು! ಮುದ್ರಣದ ಅಂಗಡಿ ಮುಚ್ಚುವುದು ಐದಕ್ಕೆ. ಸಮಯ ಧಾರಾಳವಾಗಿತ್ತು.

ಭಂಡಾರ ತೆರೆದೆ. ತೆರೆದು, ವಿಳಾಸ ಸರಿಯಿದೆಯೇ ಎಂದು ಎರಡು ಸಲ ನೋಡಿದೆ. ಎಡಗಡೆಯ ಪಟ್ಟಿಯೇ ಮಾಯ! ನಡುವೆ ತಿಳಿನೀಲಿ ಆಕಾಶದಂಥ ಬಯಲು, ಅದರಲ್ಲಿ “ನಿಮಗಾಗಿ ಹೊಸ ರೂಪ!” ಎಂಬ ಬರಹ. ಇದು ಬೇಕೆಂದು ನಾನು ಕೇಳಿರಲಿಲ್ಲ.

“ಐದು ನಿಮಿಷ ಆಯ್ತು,” ಎಂದಳು ವಿಬೆಕೆ.

“ಮನೆ ಬಣ್ಣ ಬದಲಾಗಿದೆ ಅಷ್ಟೇ. ಅಡುಗೆಮನೆ ಅಲ್ಲೇ ಇರುತ್ತೆ.”

ಅಡುಗೆಮನೆ ಅಲ್ಲಿರಲಿಲ್ಲ. ವಿಭಾಗಗಳ ಬದಲು ಚಿತ್ರಗಳು: ಒಂದು ಗಾಳಿಪಟ, ಒಂದು ಚಹಾದ ಲೋಟ, ಒಂದು ಬೆಕ್ಕು. ಬೆಕ್ಕನ್ನು ಒತ್ತಿದರೆ ಹಳೆಯ ಪ್ರಿಂಟರುಗಳ ಪಟ್ಟಿ ಬಂತು. ಲೋಟವನ್ನು ಒತ್ತಿದರೆ ಮತ್ತೆ ಆಕಾಶ! ಹುಡುಕುವ ಪೆಟ್ಟಿಗೆಯಲ್ಲಿ “ಲಿಂಡೋರ್ಮ್” ಎಂದು ಹಾಕಿದರೆ ನಾಲ್ಕು ಸಾವಿರದ ಇನ್ನೂರ ಹದಿನಾರು ಉತ್ತರ, ಅದೂ ‘ಜನಪ್ರಿಯತೆ’ಯ ಕ್ರಮದಲ್ಲಿ. ಯಾರೂ ಬಳಸದ ಸಾಫ್ಟ್‌ವೇರಿನ ಜನಪ್ರಿಯತೆ ಎಷ್ಟಿದ್ದೀತು? ಕಡೆಯ ಪುಟದಿಂದ ಹಿಂದಕ್ಕೆ ನಡೆದೆ. ಮೂರು ಗಂಟೆ ಐವತ್ತೆರಡಕ್ಕೆ ಲಿಂಡೋರ್ಮ್ ಸಿಕ್ಕಿತು!

ಆ ಪುಟದಲ್ಲಿ ಎಡಗಡೆ ಒಂದು ಪಟ್ಟಿಯೂ ಇತ್ತು. ತವರು ಕಂಡಷ್ಟು ಸಂತೋಷವಾಯಿತು! ಬೆರಳು ತನ್ನಷ್ಟಕ್ಕೆ ಮೂರನೆಯದನ್ನು ಒತ್ತಿತು. ಹಿಂದೆ ಇಂಥ ಪುಟಗಳಲ್ಲಿ ಮೂರನೆಯದಾಗಿ ಇದ್ದದ್ದು “ಇಳಿಸಿಕೊಳ್ಳಿ”. ಈಗ ಇದ್ದದ್ದು “ಈ ಸಾಫ್ಟ್‌ವೇರ್ ಅಪಾಯಕಾರಿ ಎಂದು ದೂರು ನೀಡಿ”.

ತಕ್ಷಣ ತೆರೆಯ ಮೇಲೆ ಒಂದು ಬೀಗದ ಚಿತ್ರ ಬಂತು: “ನಿಮ್ಮ ಎಚ್ಚರಿಕೆಗೆ ಧನ್ಯವಾದ. ಈ ವಿಭಾಗದ ಮೇಲ್ವಿಚಾರಕರು ಪರಿಶೀಲಿಸುವ ತನಕ ಇದನ್ನು ಯಾರೂ ಇಳಿಸಿಕೊಳ್ಳುವಂತಿಲ್ಲ.”

“ಯಾರಪ್ಪಾ ಆ ಮೇಲ್ವಿಚಾರಕ?” ಎಂದಳು ವಿಬೆಕೆ. “ಫೋನ್ ಮಾಡು, ಬೇಡ್ಕೋ.”

ನಾನು ಕೆಮ್ಮಿದೆ. “ಅದು... ನಾನೇ.”

“ನೀನೇನಾ?”

“ಹಳೇ ಬರವಣಿಗೆ ವಿಭಾಗ ಏಳು ವರ್ಷದಿಂದ ನಂದೇ.”

“ಹಾಗಾದ್ರೆ ನಿನ್ನ ಕಾಲು ನೀನೇ ಹಿಡ್ಕೋ ಮಾರಾಯ! ಬೇಗ!”

ಹಿಡಿಯಲು ನಾನು ಸಿದ್ಧನಿದ್ದೆ, ಆದರೆ ಮೇಲ್ವಿಚಾರಕರ ಪುಟ ಸಿಗಬೇಕಲ್ಲ! ನಾಲ್ಕೂ ಹತ್ತಕ್ಕೆ ರಾಂಡರ್ಸ್‌ನ ಟೊರ್ಕಿಲನಿಗೆ ಫೋನ್ ಮಾಡಿದೆ. ಅವನೂ ನನ್ನಂತೆಯೇ ಭಂಡಾರದ ಸ್ವಯಂಸೇವಕ.

“ಮೂರು ಗೆರೆ ಒತ್ತು,” ಎಂದ ಟೊರ್ಕಿಲ್.

“ಯಾವ ಮೂರು ಗೆರೆ?”

“ಮೌಸ್ ಹತ್ರ ಹೋದ್ರೆ ಮಾತ್ರ ಕಾಣ್ಸುತ್ತೆ.”

“ಕಾಣದೇ ಇರೋದರ ಹತ್ರ ಹೋಗೋದು ಹೇಗಯ್ಯಾ?”

“ನಾನೂ ಅದನ್ನೇ ಕೇಳಿದ್ದೆ. ‘ಅಭ್ಯಾಸ ಆಗುತ್ತೆ’ ಅಂದ್ರು. ನಂಗೆ ಹದಿನೆಂಟು ದಿನ ಬೇಕಾಯ್ತು.”

ಗೆರೆ ಸಿಕ್ಕಿತು. ಅದರೊಳಗೆ ಒಂದು ತಲೆಯ ಚಿತ್ರ, ತಲೆಯೊಳಗೆ ಒಂದು ಗಂಟೆ, ಗಂಟೆಯ ಕೆಳಗೆ ನನ್ನದೇ ದೂರು ನನಗಾಗಿ ಕಾದು ಕುಳಿತಿತ್ತು! ನಾಲ್ಕೂ ಇಪ್ಪತ್ತೇಳು. ಕೆಳಗೆ ಎರಡು ಗುಂಡಿಗಳು: “ಒಪ್ಪಿಗೆ”, “ತಿರಸ್ಕಾರ”. ಏಳು ವರ್ಷಗಳಿಂದ ನಾನು ಒಪ್ಪಿಗೆಯನ್ನಲ್ಲದೆ ಬೇರೇನನ್ನೂ ಕೊಟ್ಟವನಲ್ಲ. ವಿಜಯೋತ್ಸಾಹದಿಂದ ಒಪ್ಪಿಗೆಯನ್ನು ಒತ್ತಿದೆ!

“ದೂರು ನಿಜವೆಂದು ನೀವು ಒಪ್ಪಿದ್ದೀರಿ. ಲಿಂಡೋರ್ಮ್ ಅನ್ನು ತೆಗೆದುಹಾಕಲಾಗಿದೆ. ಮೂವತ್ತು ದಿನಗಳ ನಂತರ ಮರುಪರಿಶೀಲನೆ.”

ಫೋನಿನ ಆ ತುದಿಯಲ್ಲಿ ಟೊರ್ಕಿಲ್ ಮೆಲ್ಲಗೆ, “ಇದು ನಂಗೂ ಆಗಿತ್ತು,” ಎಂದ.

ವಿಬೆಕೆಯತ್ತ ತಿರುಗಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಅಮ್ಮನಿಗೆ ಹೇಳಿರಲಿಲ್ಲ. ಸದ್ಯ, ಅಷ್ಟಾದ್ರೂ ಒಳ್ಳೇದಾಯ್ತು,” ಎಂದು ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಹತ್ತು ನಿಮಿಷದ ನಂತರ ಅಡುಗೆಮನೆಯಿಂದ ನಗು ಕೇಳಿಸಿತು. ಬಿಕ್ಕಿ ಬಿಕ್ಕಿ ನಗು! ಓಡಿದೆ. ಅವಳು ಮೇಜಿಗೆ ತಲೆಯಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು.

“ತೆರೀತು!”

“ಹೇಗೆ? ಯಾವುದರಲ್ಲಿ?”

“‘ಯಾವುದರಲ್ಲಿ ತೆರೀಬೇಕು’ ಅಂತ ಕೇಳ್ತು. ನಾನು ಕಿರಾಣಿ ಪಟ್ಟಿ ಬರ್ಕೊಳ್ಳೋ ಸಾಫ್ಟ್‌ವೇರ್ ಇದ್ಯಲ್ಲ, ಅದನ್ನ ತೋರಿಸ್ದೆ. ಕಸದ ಚಿಹ್ನೆಗಳೇ ಜಾಸ್ತಿ. ಆದ್ರೆ ಮಧ್ಯೆ ಮಧ್ಯೆ ಚಿಕ್ಕಮ್ಮ ಕೂತಿದ್ದಾಳೆ. ಹೆಕ್ಕಿ ತೆಗ್ದೆ.”

“ಕೊಡು, ಒಂದ್ಸಲ ಓದಿ ತಪ್ಪು ನೋಡ್ತೀನಿ.”

“ನೀನು ಇವತ್ತು ಏನನ್ನೂ ಮುಟ್ಟಬೇಡ!” ಎಂದವಳೇ ಸೈಕಲ್ ಹತ್ತಿದಳು. ನಾಲ್ಕೂ ಐವತ್ತಾರಕ್ಕೆ ಅಂಗಡಿಯ ಒಳಗಿದ್ದಳು. ಮೂವತ್ತೆಂಟು ಪ್ರತಿ!

ಬೆಳಿಗ್ಗೆ ಮಂಜು ಮುಸುಕಿತ್ತು. ಕಮಾನಿನ ನೆತ್ತಿಯಲ್ಲಿ ಚಿನ್ನದ ಬಣ್ಣದ ಐವತ್ತು. ಎದುರುಮನೆಯವರು ತುತ್ತೂರಿ ಊದಿದರು, ನಾವು ಹಾಡತೊಡಗಿದೆವು. ಬಾಗಿಲು ತೆರೆದು ನಿಲುವಂಗಿಯಲ್ಲೇ ಬಂದ ಅತ್ತೆ ಮೊದಲ ಸಾಲಿಗೇ ಮಾವನ ತೋಳು ಹಿಡಿದುಕೊಂಡರು. “ಡಾಗ್ನಿ!” ಎಂದರು, ಅಷ್ಟೇ. ಮೂರು ಪದ್ಯ ಮುಗಿಯಿತು. ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದೆ. ನಾಲ್ಕನೆಯದು ಬಂತು:

ನಕ್ಷೆ ಹಿಡಿದು ಬಂದನಳಿಯ, ಅಳತೆಯಲ್ಲಿ ಜಾಣ,
ಮೂರು ಸುತ್ತು ಬೀದಿ ಸುತ್ತಿ ಮನೆಯನ್ನಂತೂ ಕಾಣ!
ಬೇಲಿ ಕತ್ತರಿಸುತ್ತಿದ್ದ ಮಾವನನ್ನೇ ಕೇಳಿದ:
“ಹೊಲ್ಗರ್ ಮನೆ ಎಲ್ಲಿ?” ಮಾವ “ಮುಂದೆ ಹೋಗು” ಹೇಳಿದ!

ಎರಡನೆಯ ಸಾಲಿನಲ್ಲೇ ನನ್ನ ದನಿ ಅಡಗಿತು. ಉಳಿದ ಮೂವತ್ತೇಳು ದನಿಗಳು ಅಡಗಲಿಲ್ಲ! ನಾನು ಹೆಣ್ಣು ಕೇಳಲು ಹೋದ ದಿನದ ಆ ಸತ್ಯ ಬೀದಿಗೆಲ್ಲ ತಿಳಿಯಿತು.

ಕಾರಣ ಸರಳ. ಲಿಂಡೋರ್ಮ್‌ನಲ್ಲಿ ಅಳಿಸಿದ ಸಾಲುಗಳು ಕಣ್ಣಿಗೆ ಮರೆಯಾಗುತ್ತಿದ್ದವೇ ಹೊರತು ಫೈಲಿನಿಂದ ಹೋಗುತ್ತಿರಲಿಲ್ಲ. ಡಾಗ್ನಿ ಆಗ ಹೊಸ ಅಳಿಯನಾಗಿದ್ದ ನನ್ನ ಮೇಲೆ ಕರುಣೆ ತೋರಿ ಈ ಪದ್ಯವನ್ನು ಅಳಿಸಿದ್ದಳು. ನಾನು ಅಷ್ಟೆಲ್ಲ ಹುಡುಕಿದ ಲಿಂಡೋರ್ಮ್ ಸಿಕ್ಕಿದ್ದರೆ, ಆ ಪದ್ಯ ಯಾರಿಗೂ ಕಾಣುತ್ತಿರಲಿಲ್ಲ!

ಅತ್ತೆ ನಕ್ಕು ನಕ್ಕು ಅತ್ತರು, ಅತ್ತು ಅತ್ತು ನಕ್ಕರು. “ಈ ಡಾಗ್ನಿಗೆ ಹೋಗಿ ಇಷ್ಟು ವರ್ಷ ಆದ್ಮೇಲೂ ಸುಮ್ನಿರಕ್ಕಾಗಲ್ಲ, ನೋಡಿ!” ಎಂದು ಹಾಳೆಯನ್ನು ಎದೆಗೊತ್ತಿಕೊಂಡರು. ನೆರೆಯವರೆಲ್ಲ ಬಿಸಿ ಬನ್ನು, ಕಾಫಿಗೆಂದು ಒಳಹೊಕ್ಕರು. ಅಂಗಳದಲ್ಲಿ ನಾನೊಬ್ಬನೇ ಉಳಿದೆ.

ಮಾವ ಕಮಾನಿನ ಕೆಳಗೆ ನಿಂತು ಕೈ ಚಾಚಿದರು.

“ಬನ್ನಿ ಅಳಿಯಂದ್ರೇ, ಭಯ ಬೇಡ. ಬಾಗಿಲು ಇದ್ದಲ್ಲೇ ಇದೆ. ನೀವು ಬರ್ತೀರಿ ಅಂತ್ಲೇ ನಾವು ಏನೂ ಬದಲಾಯಿಸಿಲ್ಲ.”