ಬಳ್ಳೊಳ್ಳಿಯವರ ಸೆರಗಿನ ದಿಗ್ವಿಜಯ

ಎಲೌ ವಾಗ್ದೇವಿಯೇ! ಒಂದು ಕೂದಲು ಗಾಳಿಗೆ ಹೇಗೆ ಓಲಾಡುತ್ತದೆಂದು ಪಂಡಿತರು ವರ್ಷಗಟ್ಟಲೆ ಗುಣಿಸಿ ಭಾಗಿಸಿ, ಕಿಟಕಿ ತೆರೆದು ಒಮ್ಮೆಯೂ ನೋಡದ ಈ ಗಣಕಯುಗವನ್ನು ಹೊಗಳಲು ನನಗೆ ನಾಲಗೆ ಕೊಡು. ಧಾರವಾಡದ ತಾಂತ್ರಿಕ ವಿದ್ಯಾಲಯವೊಂದರ ಗ್ರಾಫಿಕ್ಸ್ ಪ್ರಯೋಗಶಾಲೆಯನ್ನು ತಮ್ಮ ಪಾದಧೂಳಿಯಿಂದ ಪಾವನಗೊಳಿಸಿದ, ಸಂಶೋಧನಾಸಾಗರಮಥನಮಂದರ, ಪ್ರತಿವಾದಿಪಂಡಿತಭಯಂಕರ, ವಿದೇಶಯಾತ್ರಾಸ್ವಪ್ನಲೋಲ ಡಾ. ಫಕೀರೇಶ ಬಳ್ಳೊಳ್ಳಿಯವರ ಪರಾಕ್ರಮವನ್ನು ನನ್ನಿಂದ ಹಾಡಿಸು!

ಆ ಮಹಾಪುರುಷರು ಕೈಗೊಂಡ ಸಾಹಸವೇನೆಂದರೆ, ಗಣಕದೊಳಗೆ ಇಳಕಲ್ ಸೀರೆಯುಟ್ಟು ನಿಂತ ಗೊಂಬೆಯೊಬ್ಬಳ ಸೆರಗನ್ನು ನಾಲ್ಕು ಸೆಕೆಂಡು ಗಾಳಿಗೆ ಹಾರಿಸುವುದು. ಆ ಸಂಜೆ ಐದಕ್ಕೆ ವಿದೇಶದ ಸಮ್ಮೇಳನವೊಂದಕ್ಕೆ ಪ್ರಬಂಧ ಕಳಿಸುವ ಬಾಗಿಲು ಮುಚ್ಚುವುದಿತ್ತು. ಅಷ್ಟರೊಳಗೆ ಸೆರಗು ಅಲ್ಲಿಗೆ ತಲುಪದಿದ್ದರೆ ಪ್ರಯೋಗಶಾಲೆಯ ಮುಖ್ಯಸ್ಥರ ಪೀಠ ಡಾ. ಸುಗಲಾ ಯಲಿಗಾರರ ಪಾಲು. ಆಕೆ ಗಣಕದ ಗೊಂಬೆಗಳ ಮೀಸೆಯ ಕೂದಲು ಅಲುಗಿಸುವ ವಿದ್ಯೆಯಲ್ಲಿ ನಿಪುಣೆ. ತಮ್ಮ ಪ್ರಬಂಧವನ್ನು ಹಿಂದಿನ ವಾರವೇ ಕಳಿಸಿ, ಮುಂದಿನ ಮೀಸೆಗೆ ಕೈಹಾಕಿದ್ದರು.

ಲೆಕ್ಕವನ್ನು ಚಿತ್ರವಾಗಿಸುವ ದೊಡ್ಡ ಯಂತ್ರ ಅಲ್ಲಿದ್ದದ್ದು ಒಂದೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಾಡಲ್ಲವೇ? ಯಂತ್ರದ ಮುಂದಿನ ಕುರ್ಚಿಯ ಮೇಲೆ ಯಾರ ಕರವಸ್ತ್ರವೋ ಯಂತ್ರ ಅವರದು, ಇದು ಅಲ್ಲಿನ ಸನಾತನ ಧರ್ಮ. ಅಂದು ಬೆಳಗ್ಗೆ ನೋಡಿದರೆ ಕುರ್ಚಿಯ ಮೇಲೆ ಸುಗಲಾ ಅವರ ಹೂವಿನಂಚಿನ ಕರವಸ್ತ್ರ! ವೀರರ ಕಣ್ಣು ಕೆಂಡವಾಯಿತು. ಎರಡು ಬೆರಳಲ್ಲಿ ಅದನ್ನೆತ್ತಿ ಪಕ್ಕಕ್ಕಿಟ್ಟು, ತಮ್ಮ ನೀಲಿ ಚೌಕಳಿಯದನ್ನು ಹಾಸಿ ಗರ್ಜಿಸಿದರು.

“ಮೇಡಮ್ಮಾರ, ಸರೀರಿ! ನನ್ನ ಸೆರಗು ಹಾರಿತಂದ್ರ ಜಗತ್ತ ಎದ್ದ ನಿಂದರತೈತಿ. ನಿಮ್ಮ ಮೀಸಿ ಯಾರಿಗೆ ಬೇಕಾಗೇತ್ರಿ?”

“ನನ್ನ ಕೆಲಸ ನಡದಿತ್ತಲ್ರೀ ಸರ,” ಎಂದರು ಸುಗಲಾ. “ಇರ್ಲಿ, ನಿಮಗ ಇವತ್ತ ಕಡೀ ದಿನ, ತಗೋರಿ. ಆದ್ರ ಮೊದಲ ಒಂದ ಚಿತ್ರ ತಗದ ನೋಡ್ರಿ, ಆಮ್ಯಾಲೆ ಪೂರಾ ಓಡಸ್ರಿ.”

“ಹಂಗ ನೋಡೂದು ಅಂಜುಬುರುಕರ ಕೆಲಸರೀ! ಈ ಬಳ್ಳೊಳ್ಳಿ ಯುದ್ಧಕ್ಕ ಹೊಂಟಾಗ ಹಿಂದ ತಿರುಗಿ ನೋಡಾಂವಲ್ಲ!”

ಮುಂದೆ ನೋಡುವ ಅಭ್ಯಾಸವೂ ಅವರಿಗಿರಲಿಲ್ಲ. ಗುಂಡಿ ಒತ್ತಿದರು. ಯಂತ್ರ ಗುರುಗುಟ್ಟಿತು, ಕೋಣೆ ಕಾದ ಹಂಚಾಯಿತು. ಬಳ್ಳೊಳ್ಳಿಯವರು ದ್ವಾರಪಾಲಕರಂತೆ ನಿಂತು, ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ, ಬಾಗಿಲಿಗೆ ಬರಲಿರುವ ‘ಮುಖ್ಯಸ್ಥರು’ ಎಂಬ ಹಿತ್ತಾಳೆ ಫಲಕವನ್ನು ಮನಸ್ಸಿನಲ್ಲೇ ತಿಕ್ಕಿ ಹೊಳೆಯಿಸುತ್ತಿದ್ದರು. ಆ ಫಲಕಕ್ಕಾಗಿ ಅವರ ಜೀವ ನಿಜಕ್ಕೂ ಹಂಬಲಿಸುತ್ತಿತ್ತು. ಐದಕ್ಕೆ ಇನ್ನೇನು ಕೆಲವೇ ನಿಮಿಷವಿದ್ದಾಗ ಯಂತ್ರ ಸುಮ್ಮನಾಯಿತು. ತೆರೆದು ನೋಡಲು ಪುರುಸೊತ್ತೆಲ್ಲಿ? ಕಳಿಸಿಯೇಬಿಟ್ಟರು. ಬಾಗಿಲು ಮುಚ್ಚಿತು, ಸೆರಗು ಒಳಗಿತ್ತು.

ಗಿರಮಿಟ್ಟು-ಮಿರ್ಚಿ ತರಿಸಿ, ಸಹೋದ್ಯೋಗಿಗಳನ್ನೆಲ್ಲ ಕೂರಿಸಿ, “ನೋಡ್ರಿ, ಇತಿಹಾಸ ನೋಡ್ರಿ!” ಎಂದು ಪರದೆಯತ್ತ ಕೈ ಚಾಚಿದರು.

ಪರದೆ ಕಪ್ಪಗಿತ್ತು.

“ಪ್ರೊಜೆಕ್ಟರ್ ಹಚ್ರಿ!”

“ಹಚ್ಚೇತ್ರಿ ಸರ,” ಎಂದಿತು ಸಭೆ.

“ಕೋಣಿ ಲೈಟ್ ಆರಸ್ರಿ!”

ಆರಿಸಿದರು. ಪರದೆ ಮತ್ತಷ್ಟು ಕಪ್ಪಾಯಿತು. ಯಾರೋ ಮಿರ್ಚಿ ಕಚ್ಚಿದ ಸದ್ದು ಸ್ಪಷ್ಟವಾಗಿ ಕೇಳಿತು.

ಕತ್ತಲಲ್ಲಿ ಸುಗಲಾ ಮೆಲ್ಲಗೆ ಕೇಳಿದರು, “ಸರ, ಒಳಗ ಗೊಂಬಿ ಮುಂದ ದೀಪ ಇಟ್ಟೀರೇನ್ರಿ?”

ಬಳ್ಳೊಳ್ಳಿಯವರಿಗೆ ಆಗ ನೆನಪಾಯಿತು. ಬಟ್ಟೆಯ ಲೆಕ್ಕವನ್ನಷ್ಟೇ ಬೇಗ ಪರೀಕ್ಷಿಸಲೆಂದು ಹಿಂದಿನ ದಿನ ಗಣಕದೊಳಗಿನ ದೀಪವನ್ನು ತಾವೇ ಆರಿಸಿದ್ದರು, ಮತ್ತೆ ಹಚ್ಚಿರಲಿಲ್ಲ. ಸೆರಗು ಹಾರಿತ್ತು, ಅನುಮಾನವೇ ಬೇಡ. ನೆರಿಗೆ ನೆರಿಗೆಯೂ ನ್ಯಾಯವಾಗಿ ಹಾರಿತ್ತು. ಅಮಾವಾಸ್ಯೆಯ ಕಗ್ಗತ್ತಲಲ್ಲಿ.

“ಕತ್ತಲಿ ಮಾತ್ರ ಭಾಳ ಛಲೋ ಬಂದೇತ್ರಿ ಸರ,” ಎಂದರು ಸುಗಲಾ.

“ಮುಂದಿನ ವರ್ಷ ಐತಲ್ರೀ,” ಎಂದರು ವೀರರು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಸುಗಲಾ ತಮ್ಮ ಹೂವಿನಂಚಿನ ಕರವಸ್ತ್ರವನ್ನು ಕುರ್ಚಿಯ ಮೇಲೆ ಹಾಸಿದರು. ಯಾರೂ ತಡೆಯಲಿಲ್ಲ.

ಸಂಶೋಧನಾಸಾಗರಮಥನಮಂದರರು ತಮ್ಮ ನೀಲಿ ಚೌಕಳಿಯ ಕರವಸ್ತ್ರವನ್ನು ಕೊಡವಿಕೊಂಡು ನಿಲ್ದಾಣಕ್ಕೆ ನಡೆದರು. ಹುಬ್ಬಳ್ಳಿ ಬಸ್ಸು ಬಂದೊಡನೆ ಜನರ ನಡುವೆ ನುಗ್ಗಿ, ಕಿಟಕಿಯೊಳಗೆ ಕೈ ತೂರಿ, ಕರವಸ್ತ್ರವನ್ನು ಸೀಟಿಗೆ ಎಸೆದರು. ಸೀಟು ಸಿಕ್ಕಿತು.