ಹುಣಸೆ ಬೀಜದ ಡೇಟಾ

"ಲಿನಕ್ಸ್ ಇರೋ ಯಾರು ಬೇಕಾದ್ರೂ ಒಂದೇ ಆಜ್ಞೆಗೆ ಚೌಕಾಬಾರ ಹಾಕ್ಕೊಬಹುದು! ಪುಕ್ಕಟೆ!" ಎಂದು ತ್ರಿಯಂಬಕ ಭಾವ ತಮ್ಮ ಹೊಸ ಕಂಪ್ಯೂಟರ್ ಪೆಟ್ಟಿಗೆಯ ತಲೆ ಸವರಿದರು. ಅಕ್ಕನ ಗಂಡ, ನಿವೃತ್ತ ಮೇಷ್ಟ್ರು. ಅವರು ಹೀಗೆ ಸವರಿದಾಗಲೆಲ್ಲ ನಾನು ಬಾಗಿಲು ಎಷ್ಟು ದೂರ ಎಂದು ನೋಡಿಕೊಳ್ಳುತ್ತಿದ್ದೆ. "ಆಟ ನಡೆಸೋ ಎಂಜಿನ್ ಒಂದು ಪೊಟ್ಟಣ. ಮಣೆ, ಕಾಯಿಗಳ ಡೇಟಾ ಇನ್ನೊಂದು."

"ಇನ್ನೊಂದೆಲ್ಲಿ ಭಾವ?"

"ಚಿತ್ರ ಬರೆದವನ ಒಪ್ಪಿಗೆ ಬಂದಿಲ್ಲ ನರಹರಿ. ಡೇಟಾ ಇಲ್ದಿದ್ರೆ ಹತ್ರ ಸಿಕ್ಕಿದ್ದನ್ನ ಬಳಸ್ಕೋ ಅಂತ ಎಂಜಿನ್‌ಗೆ ಬರೆದಿದೀನಿ!"

ಗುಂಡಿ ಒತ್ತಿದರು. ಹಜಾರದ ನೆಲದ ಮೇಲೆ ನೀಲಿ ಬೆಳಕಿನ ಮನೆಗಳು ಮೂಡಿದವು. ಪರದೆಯಲ್ಲಿ 'ಕಾಯಿಗಳು: ಮೂರು' ಎಂದು ಬಂತು. ಹಜಾರದಲ್ಲಿದ್ದವರೂ ಮೂವರೇ: ಭಾವ, ಅಲಮೇಲು ಅಕ್ಕ, ನಾನು! ಕಾಲು ಕೀಳಲು ಹೋದೆ, ಬರಲಿಲ್ಲ. ಪೆಟ್ಟಿಗೆಯೊಳಗೆ ಕವಡೆ ಉರುಳಿದ ಸದ್ದಾಯಿತು, ನಾನು ತಾನಾಗಿಯೇ ಎರಡು ಮನೆ ಜಾರಿದೆ.

"ರೀ, ಯಾರಾದ್ರೂ ಕಡಿದ್ರೆ?" ಅಕ್ಕ ಕೇಳಿದಳು.

"ಕಡಿದ ಕಾಯಿ ಹೊರಟ ಮನೆಗೆ ಹೋಗತ್ತೆ."

"ನಮ್ಮ ಹೊರಟ ಮನೆ ಯಾವ್ದು?"

"ಅದು ಡೇಟಾ ಪೊಟ್ಟಣದಲ್ಲಿ ಇರತ್ತೆ ಕಣೇ."

"ಅದೇ ಇಲ್ವಲ್ರೀ!"

ಭಾವನ ಮುಖ ಬಿಳಿಚಿತು. ಕೈಯಲ್ಲಿದ್ದ ಕೀಲಿಮಣೆಯಲ್ಲಿ ಎಂಜಿನ್ ತೆಗೆದುಹಾಕಲು ಆಜ್ಞೆ ಕೊಟ್ಟರು. ಪರದೆ ಕೇಳಿತು: 'ಎಂಜಿನ್ ತೆಗೆದರೆ ಅದಕ್ಕೆ ಅಂಟಿಕೊಂಡಿರುವ ಇವೂ ಅಳಿಸಿಹೋಗುತ್ತವೆ: ತ್ರಿಯಂಬಕ, ಅಲಮೇಲು, ನರಹರಿ. ಮುಂದುವರಿಯಲೇ?'

"ಬೇಡ! ಬೇಡ!" ಮೂವರೂ ಕಿರುಚಿದೆವು.

ಕವಡೆ ಉರುಳಿತು. ಚೌಕ! ಅಕ್ಕ ನಾಲ್ಕು ಮನೆ ಜಾರಿ ಭಾವ ನಿಂತಿದ್ದ ಮನೆಗೇ ಬಂದಳು. ಭಾವ ಮಾಯ! ಕನ್ನಡಕ ಮಾತ್ರ ನೆಲದ ಮೇಲಿತ್ತು.

"ಅಯ್ಯೋ, ನನ್ನ ಗಂಡನ್ನ ನಾನೇ ಕಡಿದ್ನಲ್ಲೋ!"

ನನಗೆ ಅಳುವಿಗಿಂತ ಮೊದಲು ಲೆಕ್ಕ ಹೊಳೆಯಿತು. ಕಡಿದವರಿಗೆ ಇನ್ನೊಂದಾಟ. ಅಕ್ಕನ ಮುಂದೆ ಮೂರನೇ ಮನೆಯಲ್ಲಿ ನಾನು. ಮೂರು ಬಿದ್ದರೆ ನನ್ನ ಕತೆಯೂ ಮುಗಿಯಿತು! ಒಡಹುಟ್ಟಿದವಳನ್ನು ನೋಡಿ ಅಷ್ಟು ಹೆದರಿದ್ದು ಅದೇ ಮೊದಲು.

ಅಕ್ಕ ಕಣ್ಣೊರೆಸಿಕೊಂಡು, ಬಾಗಿ, ಪಕ್ಕದಲ್ಲೇ ಅಡುಗೆಮನೆ ಬಾಗಿಲಲ್ಲಿದ್ದ ಹುಣಸೆಹಣ್ಣಿನ ದೊಡ್ಡ ಭರಣಿಗೆ ಕೈ ಹಾಕಿದಳು. ಮೂರು ಬೀಜ ಕಿತ್ತು ನೆಲಕ್ಕೆಸೆದಳು.

"ತಗೋ ನಿನ್ನ ಡೇಟಾ! ನಮ್ಮಜ್ಜಿ ಆಡ್ತಿದ್ದ ಕಾಯಿ. ಯಾರ ಒಪ್ಪಿಗೇನೂ ಬೇಕಿಲ್ಲ!"

ಉರುಳುತ್ತಿದ್ದ ಕವಡೆ ನಿಂತಿತು. 'ಕಾಯಿಗಳು ಸಿಕ್ಕಿವೆ. ಹೊರಟ ಮನೆ: ಭರಣಿ.'

ನಮ್ಮ ಕಾಲು ಸಡಿಲವಾಯಿತು. ಭರಣಿ ಗಡಗಡ ಅಲುಗಿ, ಅದರ ಬಾಯಿಂದ ಭಾವನ ಬೋಳುತಲೆ ಮೇಲೆದ್ದಿತು, ಮೈಯೆಲ್ಲ ಹುಣಸೆ ರಸ! ಅಕ್ಕ ಅಳುತ್ತಲೇ ಅವರ ಕಿವಿಯೊಳಗಿನ ನಾರು ತೆಗೆದಳು.

"ನೋಡ್ದೆಯಾ ಅಲಮೇಲು," ಎಂದರು ಭಾವ, "ಎಂಜಿನ್‌ನಲ್ಲಿ ಏನೂ ದೋಷ ಇಲ್ಲ!"

ಆ ತಿಂಗಳೆಲ್ಲ ನಮ್ಮ ಮನೆಯಲ್ಲಿ ನಿಂಬೆಹಣ್ಣಿನ ಸಾರು.