ಎರಡು ಆಂಪ್ಲಿಫೈಯರ್, ಮೂರು ಹಿತೈಷಿಗಳು

"ಬೇಡ" ಎನ್ನುವ ಮಾತು ಆಯ್ತಪ್ಪನ ಬಾಯಿಂದ ಹೊರಡುತ್ತಿರಲಿಲ್ಲ. ಅವನ ಎಲ್ಲ ತಾಪತ್ರಯಕ್ಕೂ ಅದೇ ಮೂಲ. ಆಯ್ತಪ್ಪ ಎಂಬುದು ಅವನ ಹೆಸರೂ ಅಲ್ಲ. ಯಾರು ಏನು ಕೇಳಿದರೂ "ಆಯ್ತಪ್ಪ" ಎಂದುಬಿಡುತ್ತಾನೆಂದು ನೀರು ಸರಬರಾಜು ಆಫೀಸಿನವರು ಇಟ್ಟ ಹೆಸರು. ಅಲ್ಲಿ ಅವನದು ಪೈಪುಗಳ ನಕ್ಷೆ ಬರೆಯುವ ಕೆಲಸ. ಅವನು ಹಳೆಯ ಕಾರೊಂದನ್ನು ಕೊಂಡ ಮರುದಿನವೇ ಅದೇ ಬೀದಿಯಲ್ಲಿದ್ದ ಮೂವರು ಸಹೋದ್ಯೋಗಿಗಳು "ಹೇಗೂ ಒಬ್ಬರೇ ಹೋಗ್ತೀರಲ್ಲ" ಎನ್ನುತ್ತ ಹತ್ತಿ ಕುಳಿತರು. ಮೂರು ವರ್ಷವಾದರೂ ಇಳಿಯುವ ಲಕ್ಷಣ ಕಾಣಲಿಲ್ಲ.

ಮುಂದಿನ ಸೀಟಿನಲ್ಲಿ ಹಿರಿಯರಾದ ಕ್ಯಾಷಿಯರ್. ಅವರ ಹೊಟ್ಟೆಯ ಸಮಾಚಾರ ಮನೆಯ ಮುಂದೆ ಶುರುವಾದರೆ ಆಫೀಸಿನ ಗೇಟು ಬಂದರೂ ಮುಗಿಯುತ್ತಿರಲಿಲ್ಲ. ಹಿಂದೆ ಸ್ಟೋರ್ ಕೀಪರ್. ಆತ ಕೂತಲ್ಲಿಂದಲೇ ಕಾರು ಓಡಿಸುತ್ತಿದ್ದ: "ಬ್ರೇಕು! ಗೇರು! ಅಯ್ಯೋ, ನಾಯಿ ನಾಯಿ!" ಪಕ್ಕದಲ್ಲಿ ಟೈಪಿಸ್ಟ್ ಮೇಡಂ. ಅವರು ಫೋನಿನಲ್ಲೇ ತಂಗಿಯ ಸಂಸಾರ ನಡೆಸುತ್ತಿದ್ದರು. ಒಮ್ಮೆ ಮೂವರೂ ಒಂದೇ ದಿನ ರಜೆ ಹಾಕಿದಾಗ ಆಯ್ತಪ್ಪ ಒಬ್ಬನೇ ಆಫೀಸಿಗೆ ಹೋಗಿದ್ದ. ನಲವತ್ತು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಆ ಸುಖ ನೆನೆದರೆ ಈಗಲೂ ಅವನ ಕಣ್ಣು ಒದ್ದೆಯಾಗುತ್ತಿತ್ತು. ಅಂಥ ಇನ್ನೊಂದು ಬೆಳಗಿಗಾಗಿ ಅವನು ಏನು ಮಾಡಲೂ ತಯಾರಿದ್ದ, ಬಾಯಿಬಿಟ್ಟು ಹೇಳುವುದೊಂದನ್ನು ಬಿಟ್ಟು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಉಪಾಯ ಸಿಕ್ಕಿದ್ದು ಅವನು ರಜೆ ಹಾಕಿದ್ದ ಶನಿವಾರ, ಕಾರಿನ ಸ್ಪೀಕರ್ ಮಾರುವ ಅಂಗಡಿಯಲ್ಲಿ. ಅಂಗಡಿಯವ ಯಾರೋ ಗಿರಾಕಿಗೆ ಹೇಳುತ್ತಿದ್ದ: "ಎರಡು ಆಂಪ್ಲಿಫೈಯರ್ ಹಾಕಿದ್ರೆ ಎರಡರ ಅರ್ಥ್ ವೈರೂ ಒಂದೇ ಜಾಗಕ್ಕೆ, ಬಣ್ಣ ಕೆರೆದು, ಬಿಗಿಯಾಗಿ ಕೊಡ್ಬೇಕು ಸಾರ್. ಒಂದು ಇಲ್ಲಿ, ಒಂದು ಅಲ್ಲಿ ಕೊಟ್ರೋ, ಕುಂಯ್ ಅಂತ ಕೂಗೋಕೆ ಶುರುವಾಗುತ್ತೆ. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಮನುಷ್ಯರಾದವರು ಆ ಕಾರಲ್ಲಿ ಕೂರೋಕಾಗಲ್ಲ."

ಕೊನೆಯ ಮಾತು ಆಯ್ತಪ್ಪನ ಕಿವಿಗೆ ಜೇನು ಸುರಿದಂತಾಯಿತು. ಅಲ್ಲೇ ಎರಡು ಆಂಪ್ಲಿಫೈಯರ್ ಕೊಂಡ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕೆಲಸಕ್ಕಿಳಿದ. ಎರಡೂ ಆಂಪ್ಲಿಫೈಯರುಗಳನ್ನು ಹಿಂದಿನ ಸೀಟಿನ ಮೇಲೆ, ಇರುವ ಜಾಗವೆಲ್ಲ ತುಂಬುವಂತೆ ಕೂರಿಸಿದ. ಬ್ಯಾಟರಿಯಿಂದ ಕೆಂಪು ವೈರು ಎಳೆದು ನಡುವೆ ಫ್ಯೂಸ್ ಹಾಕಿದ. ಅರ್ಥಿನ ಕಪ್ಪು ವೈರುಗಳಲ್ಲಿ ಒಂದನ್ನು ಸೀಟ್ ಬೆಲ್ಟಿನ ಬೋಲ್ಟಿಗೂ ಇನ್ನೊಂದನ್ನು ಡಿಕ್ಕಿಯ ಸ್ಕ್ರೂವಿಗೂ ಬೇಕೆಂದೇ ಸಡಿಲವಾಗಿ ಸುತ್ತಿದ. ಕಾರು ಚಾಲೂ ಮಾಡಿ ಹಾಡು ಹಾಕಿದ. ಅಂಗಡಿಯವ ಸುಳ್ಳು ಹೇಳಿರಲಿಲ್ಲ. ಹಾಡಿನ ಜೊತೆಗೆ ಸಾವಿರ ಸೊಳ್ಳೆಗಳೂ ದನಿಗೂಡಿಸಿದವು. ಆಕ್ಸಿಲರೇಟರ್ ಒತ್ತಿದ. ಸೊಳ್ಳೆಗಳಿಗೆ ಹುಚ್ಚು ಹಿಡಿಯಿತು. ಆಯ್ತಪ್ಪನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಆದರೆ ಸದ್ದು ಬೀದಿಯ ತುದಿಯವರೆಗೂ ಕೇಳಿತ್ತು. ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಸ್ಟೋರ್ ಕೀಪರ್ ಓಡಿ ಬಂದ.

"ಅರ್ಥ್ ಸರಿಯಿಲ್ಲ ರೀ! ನಮ್ಮಣ್ಣಂದು ರೇಡಿಯೋ ರಿಪೇರಿ ಅಂಗಡಿ ಇತ್ತು, ನಂಗೊತ್ತು. ಸರೀರಿ ಆ ಕಡೆ."

"ಇರ್ಲಿ ಬಿಡಿ, ಹೀಗೇ ಚೆನ್ನಾಗಿದೆ."

"ಏನ್ ಚೆನ್ನಾಗಿರೋದು? ಹಲ್ಲು ಜುಮ್ ಅಂತಿದೆ!"

ಹತ್ತೇ ನಿಮಿಷದಲ್ಲಿ ಸ್ಟೋರ್ ಕೀಪರ್ ಬಣ್ಣ ಕೆರೆದು, ಎರಡು ವೈರನ್ನೂ ಒಂದೇ ಬೋಲ್ಟಿಗೆ ಬಿಗಿದ. ಸೊಳ್ಳೆಗಳು ಸತ್ತವು. ಆತ ಕೈ ತೊಳೆಯಲು ಅತ್ತ ಹೋದದ್ದೇ ತಡ, ಆಯ್ತಪ್ಪ ಎರಡು ಆಂಪ್ಲಿಫೈಯರಿನ ದನಿ ಏರಿಸುವ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿಬಿಟ್ಟ. ಹಾಡುವವಳು ಬಕೆಟ್ಟಿನೊಳಗೆ ತಲೆಯಿಟ್ಟು ಜಗಳವಾಡಿದಂತೆ ಕೇಳಿಸಿತು. ಈಗ ಕ್ಯಾಷಿಯರ್ ಬಂದರು.

"ತಾಳು ತಾಳು. ಇದೂ ಹೊಟ್ಟೆ ಇದ್ದ ಹಾಗೇ ಕಣಯ್ಯಾ. ಜಾಸ್ತಿ ತುರುಕಿದ್ರೆ ಅಜೀರ್ಣ."

ಜೀವಮಾನವಿಡೀ ನೋಟು ಎಣಿಸಿದ ಬೆರಳುಗಳಿಂದ ಅವರು ತಿರುಪುಗಳನ್ನು ಕೂದಲೆಳೆಯಷ್ಟೇ ಹಿಂದಕ್ಕೆ, ಮುಂದಕ್ಕೆ ಆಡಿಸಿದರು. ದನಿ ತಿಳಿಯಾಯಿತು. ಅಷ್ಟರಲ್ಲಿ ಟೈಪಿಸ್ಟ್ ಮೇಡಂ ಕಾರಿನೊಳಗೆ ಇಣುಕಿದರು.

"ಅಲ್ಲ, ನಾವೆಲ್ಲಿ ಕೂರೋದು?"

"ಅದೇ ಮೇಡಂ, ನಂಗೂ ಬೇಜಾರು. ಜಾಗವೇ ಇಲ್ಲ ನೋಡಿ," ಎಂದ ಆಯ್ತಪ್ಪ ಆಸೆಯಿಂದ.

ಮೇಡಂ ಮನೆಗೆ ಹೋಗಿ ಟೇಪು ತಂದು ಅಳೆದರು. "ಮುಂದಿನ ಸೀಟುಗಳ ಕೆಳಗೆ ಒಂದೊಂದು ಲಕ್ಷಣವಾಗಿ ಹೋಗುತ್ತೆ," ಎಂದರು. ಲಕ್ಷಣವಾಗಿಯೇ ಹೋದವು.

ಆಯ್ತಪ್ಪನ ಹತ್ತಿರ ಉಳಿದಿದ್ದು ಒಂದೇ ದಾರಿ. ಮೂವರೂ ಟೀ ಕುಡಿಯುತ್ತಿದ್ದಾಗ ಬೋನೆಟ್ಟಿನೊಳಗೆ ಕೈ ಹಾಕಿ, ಫ್ಯೂಸ್ ಕಿತ್ತು ಜೇಬಿಗಿಳಿಸಿದ. ಅಷ್ಟರಲ್ಲಿ ಅವನ ಹೆಂಡತಿ ಹೊರಗೆ ಬಂದಳು.

"ರೀ, ಆ ಶರ್ಟು ಬಿಚ್ಚಿ ಕೊಡಿ. ಗ್ರೀಸ್ ಒಣಗಿದ್ರೆ ಕಲೆ ಹೋಗಲ್ಲ."

"ಆಮೇಲೆ ಕೊಡ್ತೀನಿ ಕಣೇ."

"ಆಮೇಲೆ ನೀವೇ ಒಗೀತೀರಾ?"

ಅವನು ಬನಿಯನ್ನಿನಲ್ಲೇ ನಿಂತ. ಸ್ಟೋರ್ ಕೀಪರ್ ಹಾಡು ಹಾಕಿ ನೋಡಿದ. ಉಸಿರಿಲ್ಲ.

"ಸುಟ್ಟೇ ಹೋಯ್ತು ಅನ್ಸುತ್ತೆ. ಎರಡೂ!" ಎಂದು ಆಯ್ತಪ್ಪ ಸಾಧ್ಯವಾದಷ್ಟು ಅಳುಮುಖ ಮಾಡಿದ. "ನನ್ನ ಹಣೆಬರಹ. ಬಿಡಿ, ಯಾರೇನು ಮಾಡೋಕಾಗುತ್ತೆ?"

ಮೂವರೂ ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ನಿಂತರು. ಆಗ ಹೆಂಡತಿ ಒದ್ದೆ ಕೈಯಲ್ಲೇ ಬಂದಳು. "ರೀ, ನಿಮ್ಮ ಜೇಬಲ್ಲಿತ್ತು. ಬೇಕಾ, ಎಸೀಲಾ?"

"ಎಸಿ..." ಎನ್ನುವುದರೊಳಗೆ ಸ್ಟೋರ್ ಕೀಪರ್ ಕಸಿದುಕೊಂಡ. "ಫ್ಯೂಸು!"

"ಪಾಪ, ನಮ್ಮ ಗಲಾಟೇಲಿ ಮರೆತಿದಾನೆ," ಎಂದರು ಕ್ಯಾಷಿಯರ್.

ಕಾರನ್ನು ಒಂದು ಸುತ್ತು ಓಡಿಸಿ ನೋಡುವುದೆಂದಾಯಿತು. ದನಿ ಎಷ್ಟು ಸೊಗಸಾಗಿತ್ತೆಂದರೆ, ಸ್ಟೋರ್ ಕೀಪರ್ ಒಮ್ಮೆಯೂ ಬ್ರೇಕು ಎನ್ನಲಿಲ್ಲ. ಹಾಡು ಮುಗಿದಾಗ ಕ್ಯಾಷಿಯರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಆಯ್ತಪ್ಪ, ನಮ್ಮನ್ನ ಕ್ಷಮಿಸಿಬಿಡು. ನಿನ್ನೆ ನೀನು ರಜೆಯಲ್ಲಿದ್ದಾಗ ನೋಟೀಸ್ ಬಂತು. ನಾಳೆಯಿಂದ ಆಫೀಸಿನ ಬಸ್ಸು ಬರುತ್ತೆ, ನಮ್ಮ ಬೀದಿಗೇ. ನಾವು ಮೂವರೂ ಹೆಸರು ಕೊಟ್ಬಿಟ್ವಿ. ನಿಂಗೆ ಹೇಗಪ್ಪಾ ಹೇಳೋದು ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ."

ಆಯ್ತಪ್ಪನಿಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. "ಹೋಗಿ ಸಾರ್! ಧಾರಾಳವಾಗಿ ಹೋಗಿ! ನಂಗೇನೂ ಬೇಜಾರಿಲ್ಲ!"

"ನೋಡಿ, ಎಂಥ ದೊಡ್ಡ ಮನಸ್ಸು," ಎಂದರು ಮೇಡಂ. "ನಮ್ಮ ದಾರಿ ಬೇಸರ ಕಳೀಲಿ ಅಂತ ಭಾನುವಾರವೆಲ್ಲ ಗ್ರೀಸು ಮೆತ್ಕೊಂಡು ಒದ್ದಾಡಿದಾರೆ. ಇವರನ್ನ ಬಿಟ್ಟು ಬಸ್ ಹತ್ತೋಕೆ ನಾವೇನು ಮನುಷ್ಯರಲ್ವಾ? ಈಗಷ್ಟೇ ಮ್ಯಾನೇಜರಿಗೆ ಮೆಸೇಜ್ ಹಾಕಿದೆ. ಮೂರು ಹೆಸರೂ ಹೊಡೆದು ಹಾಕಿದ್ರು."

"ಬಸ್ಸು ಚೆನ್ನಾಗಿರುತ್ತೆ ಮೇಡಂ..." ಎಂದ ಆಯ್ತಪ್ಪ. ಯಾರ ಕಿವಿಗೂ ಬೀಳಲಿಲ್ಲ.

ಸ್ಟೋರ್ ಕೀಪರ್ ಹಿಂದಿನಿಂದ ಅವನ ಹೆಗಲು ತಟ್ಟಿದ. "ಒಂದೇ ತೊಂದರೆ ರೀ. ನಲವತ್ತು ನಿಮಿಷಕ್ಕೆ ಎಂಟು ಹಾಡೂ ಆಗಲ್ಲ. ನಾಳೆಯಿಂದ ಒಂದು ಗಂಟೆ ಮುಂಚೆ ಹೊರಟು ಸುತ್ತು ದಾರೀಲಿ ಹೋಗೋಣ."